ಓಟ ಬಿಟ್ಟ ಹುಲಿಯ ಮರುನಡಿಗೆ

ಓಟಗಾರರಿಗಾಗಿ ರೂಪುಗೊಂಡ ಬೂಟೊಂದು ಕಾಲಕ್ರಮದಲ್ಲಿ ಓಟದ ಕಣದಿಂದ ಹಿಂದೆ ಸರಿದು, ಅಂಗಡಿಗಳ ಕಪಾಟಿನಿಂದಲೂ ಮರೆಯಾಗಿ, ಎರಡು ಮೂರು ದಶಕಗಳ ಬಳಿಕ ಅದೇ ಆಕಾರ ಮತ್ತು ಅದೇ ಗೆರೆಗಳೊಂದಿಗೆ ಮತ್ತೆ ಕಾಣಿಸಿಕೊಳ್ಳುವುದು, ಈ ಸಲ ಪೇಟೆಬೀದಿಯಲ್ಲಿ ಅಡ್ಡಾಡುವವರ ಕಾಲಿಗೆ ಒದಗುವುದು, ಪಾದರಕ್ಷೆಯ ಉದ್ಯಮದಲ್ಲಿ ಈಗ ನೆಲೆಯೂರಿರುವ ಪದ್ಧತಿ. ಇಂತಹ ಮರುಬಿಡುಗಡೆಯನ್ನು ವ್ಯಾಪಾರದ ಭಾಷೆಯಲ್ಲಿ ‘ರೆಟ್ರೋ’ ಎನ್ನುತ್ತಾರೆ. ಗತಿಸಿದ ಕಾಲದ ವಿನ್ಯಾಸವನ್ನು ಅದರ ಹಳಮೆ ಎದ್ದು ಕಾಣುವಂತೆಯೇ ಹೊಸದಾಗಿ ತಯಾರಿಸುವುದು ಅದರ ಅರ್ಥ. ರಬ್ಬರಿನ ಅಟ್ಟೆಯ ಮೇಲೆ ಬಟ್ಟೆ, ನೈಲಾನ್ ಅಥವಾ ತೆಳುಚರ್ಮದ ಹೊದಿಕೆಯಿರುವ ಬೂಟಿಗೆ ಅಮೆರಿಕದವರು ಕೊಟ್ಟ ‘ಸ್ನೀಕರ್’ ಎಂಬ ಹೆಸರು ಸದ್ದಿಲ್ಲದೆ ನುಸುಳುವುದು ಎಂಬರ್ಥದ ಕ್ರಿಯಾಪದದಿಂದ ಬಂದದ್ದು. ಚರ್ಮದ ಗಟ್ಟಿ ಅಟ್ಟೆ ನೆಲಕ್ಕೆ ತಾಗಿ ಟಕಟಕ ಎನ್ನುತ್ತಿದ್ದ ಕಾಲದಲ್ಲಿ ರಬ್ಬರಿನ ಅಟ್ಟೆಯ ಮೌನ ಜನರಿಗೆ ಅಷ್ಟು ಹೊಸದಾಗಿತ್ತು. ಹೀಗೆ ಮರಳಿ ಬಂದ ಬೂಟುಗಳಲ್ಲಿ ಜಪಾನಿನ ಒನಿಟ್ಸುಕಾ ಟೈಗರ್ ಸಂಸ್ಥೆಯ ‘ಮೆಕ್ಸಿಕೋ 66’ ಎಂಬ ಮಾದರಿಯ ಚರಿತ್ರೆ ವಿಶೇಷವಾಗಿ ಗಮನಿಸಬೇಕಾದದ್ದು, ಏಕೆಂದರೆ ಅದರ ಮೈಮೇಲೆ ಇಂದು ಅಲಂಕಾರವೆಂದು ಕಾಣುವ ಒಂದೊಂದು ಗೆರೆಗೂ ಒಂದಾನೊಂದು ಕಾಲದಲ್ಲಿ ಮಾಡಬೇಕಾದ ಕೆಲಸವಿತ್ತು.

ಈ ಬೂಟಿನ ತವರು ಪಶ್ಚಿಮ ಜಪಾನಿನ ಬಂದರು ನಗರ ಕೋಬೆ. 1909ರಲ್ಲಿ ಬ್ರಿಟನ್ನಿನ ಡನ್ಲಪ್ ಕಂಪನಿಯ ಕಾರ್ಖಾನೆ ಅಲ್ಲಿ ತೆರೆದ ಮೇಲೆ ರಬ್ಬರಿನ ಕೆಲಸ ಊರಿನೊಳಗೆ ಹರಡಿತು; ಅದಕ್ಕೂ ಮುಂಚೆ ಬೆಂಕಿಕಡ್ಡಿಯ ತಯಾರಿಕೆಗೆ ಹೆಸರಾಗಿದ್ದ ಪಶ್ಚಿಮ ಭಾಗದ ನಗಾಟಾ ಪ್ರದೇಶದಲ್ಲಿ ಸಣ್ಣ ಸಣ್ಣ ರಬ್ಬರ್ ಬೂಟಿನ ಕಾರ್ಯಾಗಾರಗಳು ಒಂದಕ್ಕೊಂದು ಅಂಟಿಕೊಂಡಂತೆ ಬೆಳೆದವು. ಒಬ್ಬರು ಅಟ್ಟೆ ಎರೆಯುವುದು, ಪಕ್ಕದ ಬೀದಿಯವರು ಬಟ್ಟೆ ಕತ್ತರಿಸುವುದು, ಇನ್ನೊಂದು ಮನೆಯಲ್ಲಿ ಹೊಲಿಯುವುದು, ಮತ್ತೊಂದೆಡೆ ಅಂಟಿಸುವುದು, ಹೀಗೆ ಒಂದು ಜೋಡು ಪೂರ್ತಿಯಾಗಲು ಹಲವು ಬಾಗಿಲು ದಾಟಬೇಕಾಗಿದ್ದ ಆ ಕಸುಬಿನ ವ್ಯವಸ್ಥೆ ನಮ್ಮ ನೇಕಾರರ ಕೇರಿಗಳನ್ನು ಬಲ್ಲವರಿಗೆ ಅಪರಿಚಿತವೆನಿಸದು. ದೊಡ್ಡ ಬಂಡವಾಳವಿಲ್ಲದ ವ್ಯಕ್ತಿಯೊಬ್ಬ ಬೂಟಿನ ವ್ಯವಹಾರಕ್ಕೆ ಇಳಿಯಲು ಸಾಧ್ಯವಾದದ್ದು ಇಂತಹ ಊರಿನಲ್ಲಿ.

ಆ ವ್ಯಕ್ತಿ ಕಿಹಾಚಿರೊ ಒನಿಟ್ಸುಕಾ. 1918ರಲ್ಲಿ ಟೊಟೊರಿ ಪ್ರಾಂತ್ಯದಲ್ಲಿ ಹುಟ್ಟಿದ ಅವರ ಮೂಲ ಮನೆತನದ ಹೆಸರು ಸಕಾಗುಚಿ. ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದಾಗ ಸಹಸೈನಿಕನೊಬ್ಬ, ಮಕ್ಕಳಿಲ್ಲದ ಒನಿಟ್ಸುಕಾ ಎಂಬ ವೃದ್ಧ ದಂಪತಿಯನ್ನು ನೋಡಿಕೊಳ್ಳುವ ಮಾತು ಕೊಟ್ಟಿದ್ದನು. ಆತ ಯುದ್ಧದಿಂದ ಮರಳದೆ ಹೋದಾಗ ಆ ಮಾತಿನ ಹೊಣೆಯನ್ನು ಕಿಹಾಚಿರೊ ತಾವು ಹೊತ್ತು ಕೋಬೆಗೆ ಬಂದರು, ಆ ದಂಪತಿಯ ದತ್ತುಪುತ್ರರಾಗಿ ಅವರ ಹೆಸರನ್ನು ಪಡೆದರು. ಇಂದು ಪ್ಯಾರಿಸ್, ಲಂಡನ್‌ಗಳ ಅಂಗಡಿ ಬಾಗಿಲ ಮೇಲೆ ಬೆಳಗುವ ಹೆಸರು ಹೀಗೆ ಮಡಿದ ಗೆಳೆಯನ ಮಾತನ್ನು ಉಳಿಸಿದ್ದರಿಂದ ಬಂದದ್ದು. ಬಾಂಬ್ ದಾಳಿಯಿಂದ ಸುಟ್ಟುಹೋದ ಕೋಬೆಯಲ್ಲಿ ದಿಕ್ಕುಗೆಟ್ಟು ತಿರುಗುತ್ತಿದ್ದ ಹುಡುಗರನ್ನು ಕಂಡು ಅವರು ಕಳವಳಗೊಂಡಿದ್ದಾಗ, ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದ ಸ್ನೇಹಿತರೊಬ್ಬರು ಆಟೋಟದಿಂದ ಅವರನ್ನು ಎತ್ತಿ ನಿಲ್ಲಿಸಬಹುದೆಂದೂ, ಆಟಕ್ಕೆ ಒಳ್ಳೆಯ ಬೂಟು ಬೇಕೆಂದೂ ಸೂಚಿಸಿದರು. 1949ರ ಸೆಪ್ಟೆಂಬರಿನಲ್ಲಿ ಒನಿಟ್ಸುಕಾ ಅವರ ಸಂಸ್ಥೆ ಆರಂಭವಾಯಿತು.

ಮೊದಲು ಕೈಹಾಕಿದ್ದು ಬ್ಯಾಸ್ಕೆಟ್‌ಬಾಲ್ ಬೂಟಿಗೆ. ಓಡುತ್ತಿರುವಾಗಲೇ ಗಕ್ಕನೆ ನಿಲ್ಲಬೇಕಾದ, ನಿಂತಲ್ಲಿಂದ ಜಿಗಿಯಬೇಕಾದ ಆ ಆಟಕ್ಕೆ ನೆಲವನ್ನು ಹಿಡಿಯುವ ಅಟ್ಟೆ ಬೇಕಾಗಿತ್ತು. ಆರಂಭದ ಜೋಡುಗಳು ಜಾರುತ್ತಿದ್ದವು. 1951ರ ಬೇಸಿಗೆಯಲ್ಲಿ ಸೌತೆಕಾಯಿ ಮತ್ತು ಅಷ್ಟಪದಿಯ ಕೋಸಂಬರಿಯಂತಹ ಅಡುಗೆಯನ್ನು ಉಣ್ಣುತ್ತಿದ್ದಾಗ ಅಷ್ಟಪದಿಯ ತೋಳಿನ ಮೇಲಿನ ಬಟ್ಟಲಿನಾಕಾರದ ಹೀರುಗುಳಿಗಳು ಬಟ್ಟಲಿಗೆ ಕಚ್ಚಿಕೊಂಡದ್ದನ್ನು ಗಮನಿಸಿ, ಅದೇ ತತ್ತ್ವದ ಮೇಲೆ ಗುಳಿಗಳಿರುವ ಅಟ್ಟೆಯನ್ನು ಅವರು ರೂಪಿಸಿದರೆಂಬುದು ಸಂಸ್ಥೆ ತನ್ನ ಇತಿಹಾಸದಲ್ಲಿ ತಪ್ಪದೆ ಹೇಳುವ ಪ್ರಸಂಗ. ಹುಲಿಯನ್ನು ಏಷ್ಯಾದ ಬಲಿಷ್ಠ ಪ್ರಾಣಿಯೆಂದು ಬಗೆದು ಅದರ ಹೆಸರನ್ನು ತಮ್ಮ ಬೂಟಿಗೆ ಇಟ್ಟುಕೊಂಡರು.

ಮ್ಯಾರಥಾನ್ ಅವರ ಮುಂದಿನ ಗುರಿಯಾಯಿತು. 42.195 ಕಿಲೋಮೀಟರ್ ದೂರದ ಈ ಓಟದಲ್ಲಿ ಒಂದೊಂದು ಪಾದವೂ ಹತ್ತು ಸಾವಿರಕ್ಕೂ ಹೆಚ್ಚು ಸಲ ನೆಲಕ್ಕೆ ಅಪ್ಪಳಿಸುತ್ತದೆ. ಜಪಾನಿನ ಹಳೆಯ ದೂರದೋಟಗಾರರು ‘ತಬಿ’ ಎಂಬ, ಹೆಬ್ಬೆರಳಿಗೆ ಬೇರೆ ಗೂಡಿರುವ ಬಟ್ಟೆಯ ಪಾದಕವಚಕ್ಕೆ ರಬ್ಬರಿನ ಅಟ್ಟೆ ಕೂಡಿಸಿದ ಬೂಟನ್ನು ಧರಿಸುತ್ತಿದ್ದರು. 1951ರಲ್ಲಿ ಶಿಗೆಕಿ ತನಾಕಾ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಗೆದ್ದಾಗ ಅವರ ಕಾಲಿನಲ್ಲಿದ್ದದ್ದು ಆ ಬಗೆಯ ಬೂಟೇ. ಒನಿಟ್ಸುಕಾ ಕೂಡ ತಬಿಯ ಆಕಾರದಿಂದಲೇ ತೊಡಗಿದರು, ಆದರೆ ಓಟಗಾರರನ್ನು ಕೇಳಿದಾಗಲೆಲ್ಲ ಒಂದೇ ದೂರು ಕೇಳಿಬಂತು: ಬೊಬ್ಬೆ. ಕಾಲಿಗೆ ಬೊಬ್ಬೆ ಬರುವುದು ಓಟದ ಸಹಜ ಧರ್ಮವೆಂದು ಎಲ್ಲರೂ ಒಪ್ಪಿಕೊಂಡಿದ್ದ ಕಾಲದಲ್ಲಿ ಅವರು ವೈದ್ಯರನ್ನು ಕಂಡು ವಿಚಾರಿಸಿದರು. ಪಾದ ಮತ್ತು ಬೂಟಿನ ನಡುವಿನ ತಿಕ್ಕಾಟದಿಂದ ಶಾಖ ಏರಿ, ಆ ಶಾಖಕ್ಕೆ ಚರ್ಮದಡಿ ದ್ರವ ಸೇರಿ ಬೊಬ್ಬೆಯೇಳುತ್ತದೆಂದು ತಿಳಿದ ಮೇಲೆ ಪಾದವನ್ನು ತಂಪಾಗಿಡುವ ದಾರಿ ಹುಡುಕಿದರು. ಮೋಟಾರುಸೈಕಲಿನ ಎಂಜಿನ್ ಗಾಳಿಯಿಂದ ತಣಿಯುವ ಬಗೆ ಅವರಿಗೆ ಮಾದರಿಯಾಯಿತು. ಬೆರಳುಗಳ ಕಡೆ ಮತ್ತು ಪಕ್ಕಗಳಲ್ಲಿ ರಂಧ್ರಗಳನ್ನಿಟ್ಟು, ಪಾದ ನೆಲಕ್ಕೆ ಒತ್ತಿದಾಗ ಒಳಗಿನ ಬಿಸಿಗಾಳಿ ಹೊರಹೋಗಿ, ಎತ್ತಿದಾಗ ಹೊರಗಿನ ತಂಪುಗಾಳಿ ಒಳಸೇರುವಂತೆ ಮಾಡಿದ ‘ಮ್ಯಾಜಿಕ್ ರನ್ನರ್’ ಎಂಬ ಬೂಟು ಈ ಶೋಧದ ಫಲ. ಇಂದಿನ ಯಾವ ಓಟದ ಬೂಟನ್ನು ಕೈಗೆತ್ತಿಕೊಂಡರೂ ಮೇಲ್ಹೊದಿಕೆಯಲ್ಲಿ ಬಲೆಯಂತೆ ಹೆಣೆದ ಗಾಳಿಕಿಂಡಿಗಳು ಕಾಣುತ್ತವೆ. ಅಷ್ಟು ಸಾಮಾನ್ಯವಾಗಿರುವ ಈ ಸೌಕರ್ಯಕ್ಕಾಗಿ ಒಬ್ಬರು ವರ್ಷಗಟ್ಟಲೆ ಓಟಗಾರರ ಗಾಯಗೊಂಡ ಪಾದಗಳನ್ನು ನೋಡುತ್ತ ಕೂತಿದ್ದರೆಂಬುದನ್ನು ನೆನೆಯುವುದು ಉಚಿತ.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಿನಲ್ಲಿ ಓಡಿ ಮ್ಯಾರಥಾನ್ ಚಿನ್ನ ಗೆದ್ದದ್ದು ಬೂಟು ತಯಾರಕರೆಲ್ಲರ ಮುಂದೆ ದೊಡ್ಡ ಪ್ರಶ್ನೆಯಾಗಿ ನಿಂತಿತು. 1961ರಲ್ಲಿ ಬಿಕಿಲಾ ಮೈನಿಚಿ ಮ್ಯಾರಥಾನ್‌ಗಾಗಿ ಒಸಾಕಾಗೆ ಬಂದಾಗ ಒನಿಟ್ಸುಕಾ ಸ್ವತಃ ಹೋಗಿ ಭೇಟಿಯಾಗಿ, ಜಪಾನಿನ ರಸ್ತೆಗಳ ಒರಟುತನವನ್ನು ವಿವರಿಸಿ, ತಮ್ಮ ಹಗುರ ಬೂಟನ್ನು ತೊಡುವಂತೆ ಒಪ್ಪಿಸಿದರು. ಬಿಕಿಲಾ ಅದನ್ನು ಧರಿಸಿಯೇ ಓಡಿ ಗೆದ್ದರು. ಬರಿಗಾಲಿಗೆ ಸಾಧ್ಯವಾದಷ್ಟು ಹತ್ತಿರವಿರುವ ಬೂಟು ಆ ದಶಕದ ಓಟಗಾರರ ಆದರ್ಶವಾಗಿತ್ತು ಎಂಬುದನ್ನು ಇಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೆಕ್ಸಿಕೋ 66ರ ಅಟ್ಟೆ ಅಷ್ಟೊಂದು ತೆಳುವಾಗಿರುವುದಕ್ಕೆ ಕಾರಣ ಅಲ್ಲಿದೆ.

1968ರ ಒಲಿಂಪಿಕ್ಸ್ ನಡೆಯಬೇಕಾಗಿದ್ದ ಮೆಕ್ಸಿಕೋ ನಗರ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯಲ್ಲಿ ಆಮ್ಲಜನಕದ ಒತ್ತಡ ಕಡಿಮೆಯಿರುವುದರಿಂದ ಕ್ರೀಡಾಪಟುಗಳಿಗೂ ತಯಾರಕರಿಗೂ ಮುಂಚಿತ ಸಿದ್ಧತೆ ಬೇಕಾಯಿತು. ಆ ಸಿದ್ಧತೆಯ ಅವಧಿಯಲ್ಲಿ, 1966ರಲ್ಲಿ, ‘ಲಿಂಬರ್ ಅಪ್’ ಎಂಬ ತರಬೇತಿ ಬೂಟಿನ ಮೇಲೆ ಒನಿಟ್ಸುಕಾ ಸಂಸ್ಥೆಯ ಹೊಸ ಗೆರೆಗಳು, ಮೆಕ್ಸಿಕೋ 66ರ ಮೇಲೆ ಇಂದು ಕಾಣುವ ಅವೇ ಗೆರೆಗಳು, ಮೊದಲ ಬಾರಿಗೆ ಕಾಣಿಸಿಕೊಂಡವು: ಲೇಸಿನ ಸಾಲಿನಿಂದ ಅಟ್ಟೆಯತ್ತ ಇಳಿಯುವ ಎರಡು ಪಟ್ಟಿಗಳು, ಅವನ್ನು ಹಾದು ಹಿಮ್ಮಡಿಯ ಕಡೆಗೆ ಬಾಗಿ ಸಾಗುವ ಎರಡು ಉದ್ದ ಪಟ್ಟಿಗಳು. ಓಡುವಾಗ ಪಾದ ಬೂಟಿನೊಳಗೆ ಅಕ್ಕಪಕ್ಕಕ್ಕೆ ತಳ್ಳಲ್ಪಟ್ಟು ಮೆತ್ತನೆಯ ಮೇಲ್ಹೊದಿಕೆಯನ್ನು ಹಿಗ್ಗಿಸುತ್ತದೆ. ಹೊದಿಕೆ ಸಡಿಲವಾದರೆ ಪಾದ ಒಳಗೇ ಜಾರಿ, ತಿಕ್ಕಿ, ಮತ್ತೆ ಬೊಬ್ಬೆಗೆ ದಾರಿ. ಹಿಗ್ಗುವ ಜಾಗಗಳ ಮೇಲೆ ಪಟ್ಟಿ ಹೊಲಿದರೆ ತೂಕ ಹೆಚ್ಚಾಗದೆ ಬಿಗಿ ಉಳಿಯುತ್ತದೆ. ಬೇರೆ ಸಂಸ್ಥೆಗಳ ಗುರುತುಗಳಿಗೂ ಇದೇ ಹುಟ್ಟು. ಜರ್ಮನಿಯ ಅಡಿಡಾಸ್ ಬೂಟಿನ ಮೂರು ಪಟ್ಟಿಗಳು ಕೂಡ ಮೊದಲು ಚರ್ಮವನ್ನು ಬಿಗಿಹಿಡಿಯುವ ಆಧಾರಗಳಾಗಿದ್ದು, ದೂರದಿಂದ ನೋಡಿದವರಿಗೆ ಬೂಟಿನ ಮನೆತನ ತಿಳಿಯುವಂತಾದ ಮೇಲೆ ಮುದ್ರೆಯಾದವು. ಒನಿಟ್ಸುಕಾ ಬೂಟಿನ ಹಿಮ್ಮಡಿಯ ಹಿಂಭಾಗದಲ್ಲಿ ಒಂದನ್ನೊಂದು ಕತ್ತರಿಸುವ ಎರಡು ಪಟ್ಟಿಗಳೂ ಹಾಗೆಯೇ. ಹೊಲಿಗೆಯ ಲೆಕ್ಕದಲ್ಲಿ ಹುಟ್ಟಿದ ಗೆರೆ ಮುಂದೆ ವ್ಯಾಪಾರಮುದ್ರೆಯಾಗಿ, ಕೊನೆಗೆ ಸೊಗಸಾಗಿ ಉಳಿದದ್ದೇ ಈ ಬೂಟಿನ ಇಡೀ ಚರಿತ್ರೆಯ ಸಾರವೆಂದರೂ ಸಲ್ಲುತ್ತದೆ.

ಈ ಕಥೆಗೆ ಅಮೆರಿಕದ ಶಾಖೆಯೊಂದಿದೆ, ಅದನ್ನು ಬಿಟ್ಟರೆ ರೆಟ್ರೋ ಬೂಟಿನ ಚರಿತ್ರೆ ಅರ್ಧವಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಪಾರಶಾಸ್ತ್ರ ಓದುತ್ತಿದ್ದ ಫಿಲ್ ನೈಟ್ ಎಂಬ ಓಟಗಾರ, ಜಪಾನಿನ ಕ್ಯಾಮೆರಾಗಳು ಜರ್ಮನ್ ಕ್ಯಾಮೆರಾಗಳನ್ನು ಹಿಂದಿಕ್ಕಿದಂತೆ ಜಪಾನಿನ ಓಟದ ಬೂಟುಗಳು ಜರ್ಮನ್ ಬೂಟುಗಳನ್ನು ಹಿಂದಿಕ್ಕಬಹುದೆಂದು ಪ್ರಬಂಧವೊಂದರಲ್ಲಿ ವಾದಿಸಿದ್ದರು. 1962ರಲ್ಲಿ ಅವರು ಕೋಬೆಗೆ ಹೋಗಿ, ಆಗಿನ್ನೂ ಹೆಸರಿಗಷ್ಟೇ ಇದ್ದ ‘ಬ್ಲೂ ರಿಬ್ಬನ್ ಸ್ಪೋರ್ಟ್ಸ್’ ಎಂಬ ಕಂಪನಿಯ ಪ್ರತಿನಿಧಿಯೆಂದು ಹೇಳಿಕೊಂಡು ಟೈಗರ್ ಬೂಟುಗಳನ್ನು ಅಮೆರಿಕದಲ್ಲಿ ಮಾರುವ ಒಪ್ಪಿಗೆ ಪಡೆದರು. 1964ರಲ್ಲಿ ಓರೆಗಾನ್ ವಿಶ್ವವಿದ್ಯಾಲಯದಲ್ಲಿ ತಮಗೆ ಓಟದ ತರಬೇತಿ ಕೊಟ್ಟಿದ್ದ ಬಿಲ್ ಬೋವರ್‌ಮನ್ ಜೊತೆ ತಲಾ 500 ಡಾಲರ್ ಹಾಕಿ ಆ ಕಂಪನಿಯನ್ನು ನಿಜಗೊಳಿಸಿ, ಓಟದ ಸ್ಪರ್ಧೆಗಳು ನಡೆಯುವಲ್ಲಿಗೆ ಹೋಗಿ ಕಾರಿನ ಡಿಕ್ಕಿಯಿಂದಲೇ ಬೂಟು ಮಾರಿದರು. ಬೋವರ್‌ಮನ್ ತಮ್ಮ ಶಿಷ್ಯರ ಬೂಟುಗಳನ್ನು ಬಿಚ್ಚಿ, ಕತ್ತರಿಸಿ, ಮತ್ತೆ ಜೋಡಿಸುವ ಗೀಳಿನವರಾಗಿದ್ದರು. ಡಾಂಬರು ರಸ್ತೆಯ ಮೇಲೆ ಬಹುದೂರ ಓಡುವವರಿಗೆ ಮೆತ್ತೆ ಬೇಕೆಂದು ಮನಗಂಡ ಅವರು, ಮುಂಗಾಲಿನಿಂದ ಹಿಮ್ಮಡಿಯವರೆಗೆ ಸ್ಪಂಜಿನಂತಹ ಪದರವೊಂದು ಅಖಂಡವಾಗಿ ಹಾಯುವ, ಹಿಮ್ಮಡಿಯಲ್ಲಿ ತುಸು ಎತ್ತರವಿರುವ ವಿನ್ಯಾಸವನ್ನು ಕಳಿಸಿದರು. ಒನಿಟ್ಸುಕಾ ಸಂಸ್ಥೆ ಅದನ್ನು ತಯಾರಿಸಿತು. ಅದಕ್ಕೆ ಮೊದಲು ಇಟ್ಟಿದ್ದ, ಮೆಕ್ಸಿಕೋದ ಹಳೆಯ ಜನಾಂಗವಾದ ಅಜ್ಟೆಕರ ಹೆಸರಿಗೆ ಅಡಿಡಾಸ್ ಕಂಪನಿ ಆಕ್ಷೇಪಿಸಿದ ಮೇಲೆ, ಅದೇ ಅಜ್ಟೆಕರನ್ನು ಸೋಲಿಸಿದ ಸ್ಪೇನಿನ ದಂಡನಾಯಕನ ಹೆಸರಿನಲ್ಲಿ ಆ ಬೂಟು ‘ಕಾರ್ಟೆಜ್’ ಆಯಿತು.

ಮಾರಾಟ ಬೆಳೆದಂತೆ ಇಬ್ಬರ ನಡುವಿನ ನಂಬಿಕೆ ಕುಸಿಯಿತು. ಒನಿಟ್ಸುಕಾ ಸಂಸ್ಥೆ ಅಮೆರಿಕದಲ್ಲಿ ಬೇರೆ ವಿತರಕರತ್ತ ನೋಡತೊಡಗಿತು, ನೈಟ್ ತಮ್ಮದೇ ಬೂಟು ಮಾಡಿಸಲು ಹೊರಟು 1971ರಲ್ಲಿ ‘ನೈಕಿ’ ಎಂಬ ಹೆಸರನ್ನು ಆರಿಸಿಕೊಂಡರು, ಕೊನೆಗೆ ವ್ಯಾಜ್ಯ ಓರೆಗಾನಿನ ನ್ಯಾಯಾಲಯಕ್ಕೆ ಹೋಯಿತು. 1974ರ ತೀರ್ಪಿನ ನಂತರ ಕಾರ್ಟೆಜ್ ಎಂಬ ಹೆಸರು ನೈಕಿಯ ಪಾಲಾಯಿತು, ಬೂಟಿನ ಆಕಾರ ಇಬ್ಬರಿಗೂ ಉಳಿಯಿತು. ಜಪಾನಿನವರು ತಮ್ಮದನ್ನು ‘ಕಾರ್ಸೇರ್’ ಎಂದು ಕರೆದರು. ಒಂದೇ ಗರ್ಭದಿಂದ ಹುಟ್ಟಿದ ಈ ಅವಳಿಗಳು ಮುಂದೆ ಎರಡು ಪ್ರತಿಸ್ಪರ್ಧಿ ಮನೆಗಳಲ್ಲಿ ಬೆಳೆದವು, ಮತ್ತು ಎರಡೂ ರೆಟ್ರೋ ಬೂಟುಗಳಾಗಿ ಮರಳಿದವು.

ಓಟದ ಬೂಟು ಹಳತಾಗುವುದು ಅದು ಸವೆಯುವುದರಿಂದ ಮಾತ್ರವಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಜಾಗಿಂಗ್, ಅಂದರೆ ಸ್ಪರ್ಧೆಯ ಹಂಗಿಲ್ಲದೆ ಆರೋಗ್ಯಕ್ಕಾಗಿ ನಿಧಾನವಾಗಿ ಓಡುವ ರೂಢಿ, ಜನಸಾಮಾನ್ಯರ ಹವ್ಯಾಸವಾಯಿತು. ಕಚೇರಿಯ ಕುರ್ಚಿಯಿಂದ ಎದ್ದು ಬಂದ ಮಧ್ಯವಯಸ್ಕರು ಬಿಕಿಲಾನಂತೆ ಹಗುರವಾಗಿ ಮುಂಗಾಲಿನ ಮೇಲೆ ಇಳಿಯುವವರಲ್ಲ; ಅವರ ತೂಕವೆಲ್ಲ ಹಿಮ್ಮಡಿಯ ಮೇಲೆ ಬೀಳುತ್ತಿತ್ತು. ಅವರ ಮೊಣಕಾಲನ್ನು ಕಾಪಾಡಲು ದಪ್ಪ ಮೆತ್ತೆಯ ಬೂಟು ಬೇಕಾಯಿತು. ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಿಂದ, ಒಳಗೆ ಲೆಕ್ಕವಿಲ್ಲದಷ್ಟು ಮುಚ್ಚಿದ ಗಾಳಿಗುಳ್ಳೆಗಳಿರುವಂತೆ ಉಬ್ಬಿಸಿದ ನೊರೆ ಆ ದಶಕದ ನಡುವಿನಿಂದ ಓಟದ ಬೂಟುಗಳ ನಡು ಅಟ್ಟೆಯಾಗಿ ಬಳಕೆಗೆ ಬಂತು. ಹಗುರವಾಗಿಯೂ ಇದ್ದು ಪೆಟ್ಟನ್ನು ನುಂಗುವ ಈ ‘ಇವಿಎ’ ಬಂದ ಮೇಲೆ ತೆಳು ರಬ್ಬರಿನ ಬೂಟಿಗೆ ಓಟದ ಕಣದಲ್ಲಿ ಜಾಗ ಉಳಿಯಲಿಲ್ಲ. 1977ರಲ್ಲಿ ಒನಿಟ್ಸುಕಾ ಸಂಸ್ಥೆ ಇನ್ನೆರಡು ಕ್ರೀಡಾಸಾಮಗ್ರಿ ಕಂಪನಿಗಳೊಂದಿಗೆ ವಿಲೀನಗೊಂಡು, ದೇಹ ಮತ್ತು ಮನಸ್ಸಿನ ಆರೋಗ್ಯವನ್ನು ಕುರಿತ ಲ್ಯಾಟಿನ್ ನುಡಿಯೊಂದರ ಮೊದಲಕ್ಷರಗಳಿಂದ ‘ಆಸಿಕ್ಸ್’ ಎಂಬ ಹೆಸರು ಪಡೆಯಿತು. ಒನಿಟ್ಸುಕಾ ಟೈಗರ್ ಎಂಬ ಹೆಸರು ಬಳಕೆಯಿಂದ ಮರೆಯಾಯಿತು. 1986ರಲ್ಲಿ ಹಿಮ್ಮಡಿಯಡಿ ಸಿಲಿಕೋನ್ ಮೂಲದ ಜೆಲ್ ಇಟ್ಟ ಬೂಟುಗಳು ಬಂದವು, 1993ರಲ್ಲಿ ಜೆಲ್ ಕಯಾನೊ ಬಂತು, ಹೊಸ ಪೀಳಿಗೆಯ ಓಟಗಾರರು ಮೆಕ್ಸಿಕೋ 66ರ ಹೆಸರನ್ನು ಕೇಳುವ ಅಗತ್ಯವೇ ಇರಲಿಲ್ಲ.

ಹಾಗಿರುವಾಗ ಅದು ಮರಳಿ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಓಟದ ಮೈದಾನದ ಹೊರಗೆ ಸಿಗುತ್ತದೆ. ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಯಿಂದ ಫುಟ್‌ಬಾಲ್ ತಂಡಗಳ ಬೆಂಬಲಿಗ ಯುವಕರು ತಮ್ಮ ತಂಡದ ಹಿಂದೆ ಯುರೋಪಿನ ಊರೂರು ತಿರುಗಿ, ತಮ್ಮಲ್ಲಿ ಸಿಗದ ಕ್ರೀಡಾಬೂಟುಗಳನ್ನು ತಂದು ತೊಟ್ಟು ಮೆರೆಯುತ್ತಿದ್ದರು. ಇವರನ್ನು ‘ಕ್ಯಾಶುಯಲ್ಸ್’ ಎನ್ನುತ್ತಿದ್ದರು. ಅಮೆರಿಕದ ನಗರಗಳಲ್ಲಿ ಹಿಪ್‌ಹಾಪ್ ಸಂಗೀತದ ಹುಡುಗರು ಬಾಸ್ಕೆಟ್‌ಬಾಲ್ ಬೂಟನ್ನು ಸಭೆಗೂ ಸಂಭ್ರಮಕ್ಕೂ ತೊಡುವ ಉಡುಪಾಗಿಸಿದರು. ಈ ಎರಡು ಕಡೆಯೂ ಕ್ರೀಡಾಬೂಟು ಕ್ರೀಡೆಯಿಂದ ಬಿಡುಗಡೆ ಪಡೆಯಿತು. 1990ರ ದಶಕದಲ್ಲಿ ಜಪಾನಿನ ಯುವಜನರಲ್ಲಿ ಹಳೆಯ ಬೂಟುಗಳನ್ನು ಹುಡುಕಿ ಕೂಡಿಡುವ ಗೀಳು ದೊಡ್ಡದಾಗಿ ಬೆಳೆಯಿತು, ಅಂಗಡಿಯ ಮೂಲೆಯಲ್ಲಿ ಮಾರಾಟವಾಗದೆ ಉಳಿದ, ಯಾರೂ ತೊಡದ ಹಳೆಯ ಸರಕಿಗೆ ‘ಡೆಡ್‌ಸ್ಟಾಕ್’ ಎಂಬ ಹೆಸರೂ ಮರ್ಯಾದೆಯೂ ಬಂದವು. 1994ರ ‘ಫಾರೆಸ್ಟ್ ಗಂಪ್’ ಚಿತ್ರದ ನಾಯಕ ಅಮೆರಿಕವನ್ನೇ ಅಡ್ಡಹಾಯ್ದು ಓಡುವಾಗ ಕಾಲಲ್ಲಿದ್ದ ಬಿಳಿ, ಕೆಂಪು, ನೀಲಿಯ ಕಾರ್ಟೆಜ್ ಆ ಹಳೆಯ ವಿನ್ಯಾಸವನ್ನು ಹೊಸ ಕಣ್ಣುಗಳ ಮುಂದೆ ತಂದಿತು.

ಆದರೆ ಹಳೆಯ ಬೂಟನ್ನು ಕೂಡಿಟ್ಟವರಿಗೆ ಒಂದು ಕಹಿಸತ್ಯ ಎದುರಾಗುತ್ತಿತ್ತು. ತೊಡದೆ ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಬೂಟು ಉಳಿಯುವುದಿಲ್ಲ. ಹಲವು ಕ್ರೀಡಾಬೂಟುಗಳ ನಡು ಅಟ್ಟೆಗೆ ಬಳಸಿದ ಪಾಲಿಯುರಿಥೇನ್ ಎಂಬ ವಸ್ತು ಗಾಳಿಯ ತೇವವನ್ನು ಹೀರಿ, ನೀರಿನ ಕಣಗಳು ಅದರ ಉದ್ದನೆಯ ಅಣುಸರಪಳಿಗಳನ್ನು ಕಡಿಯುತ್ತ ಹೋದಂತೆ ಪುಡಿಪುಡಿಯಾಗುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಜಲವಿಚ್ಛೇದನವೆಂದು ಹೆಸರು. ರಬ್ಬರು ಬಿರಿಯುತ್ತದೆ, ಅಂಟು ಬಿಟ್ಟುಕೊಳ್ಳುತ್ತದೆ, ನೊರೆ ಹಿಟ್ಟಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ಬೂಟು ವರ್ಷ ಕಳೆದು ತೆಗೆದಾಗ ಅಟ್ಟೆ ಕಳಚಿ ಕೈಗೆ ಬರುವುದನ್ನು ಕಂಡವರಿಗೆ ಈ ಕ್ರಿಯೆಯ ಪರಿಚಯವಿದ್ದೇ ಇರುತ್ತದೆ. ಹೀಗಾಗಿ ಹಳೆಯದನ್ನು ಮೆಚ್ಚಿದವರು ಅದನ್ನು ತೊಟ್ಟು ನಡೆಯಬೇಕಾದರೆ ಹೊಸದಾಗಿಯೇ ತಯಾರಿಸಬೇಕು. ಮರುಬಿಡುಗಡೆಯ ಹಿಂದೆ ವ್ಯಾಪಾರದ ಲೆಕ್ಕವಿರುವಷ್ಟೇ ಖಚಿತವಾಗಿ ಈ ಭೌತಿಕ ಅನಿವಾರ್ಯತೆಯೂ ಇದೆ, ಮತ್ತು ರೆಟ್ರೋ ಎಂದರೆ ಬರೀ ನೆನಪಿನ ಮಾರಾಟವೆಂದು ಹಗುರವಾಗಿ ತಳ್ಳಿಹಾಕುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

2002ರಲ್ಲಿ ಆಸಿಕ್ಸ್ ಕಂಪನಿ ಕಾಲು ಶತಮಾನದ ಹಿಂದೆ ಕೈಬಿಟ್ಟಿದ್ದ ಒನಿಟ್ಸುಕಾ ಟೈಗರ್ ಹೆಸರನ್ನು ಫ್ಯಾಶನ್ ಪಾದರಕ್ಷೆಗಳ ಪ್ರತ್ಯೇಕ ಬ್ರ್ಯಾಂಡ್ ಆಗಿ ಎಬ್ಬಿಸಿತು. ಸ್ಥಾಪಕರಾದ ಕಿಹಾಚಿರೊ ಒನಿಟ್ಸುಕಾ 2007ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಹೆಸರಿನ ಈ ಎರಡನೆಯ ಹುಟ್ಟನ್ನು ಕಂಡರು. ಬ್ರ್ಯಾಂಡ್ ಮರಳಿದ ಮರುವರ್ಷವೇ, 2003ರಲ್ಲಿ, ಕ್ವೆಂಟಿನ್ ಟ್ಯಾರಂಟಿನೊ ನಿರ್ದೇಶನದ ‘ಕಿಲ್ ಬಿಲ್’ ಚಿತ್ರದಲ್ಲಿ ಉಮಾ ಥರ್ಮನ್ ಹಳದಿ ಉಡುಪಿನೊಂದಿಗೆ ಕಪ್ಪು ಗೆರೆಯ ಹಳದಿ ಟೈಗರ್ ಬೂಟು ತೊಟ್ಟು ಕತ್ತಿ ಹಿಡಿದು ನಿಂತರು. ಆ ವೇಷ ಬ್ರೂಸ್ ಲೀ ಅವರ ಮರಣಾನಂತರ, 1978ರಲ್ಲಿ ಬಿಡುಗಡೆಯಾದ ‘ಗೇಮ್ ಆಫ್ ಡೆತ್’ ಚಿತ್ರದ ಉಡುಪಿಗೆ ಸಲ್ಲಿಸಿದ ಗೌರವವಾಗಿತ್ತು. ಕೋಟಿ ರೂಪಾಯಿ ಸುರಿದರೂ ಸಿಗದ ಪ್ರಚಾರ ಅದರಿಂದ ದೊರೆಯಿತು, ಆದರೆ ಅದರೊಂದಿಗೆ ಒಂದು ನಷ್ಟವೂ ಆಯಿತು: ಹಳದಿ ಕಪ್ಪಿನ ಆ ಜೋಡನ್ನು ಹೆಚ್ಚಿನವರು ಅಂದಿನಿಂದ ಸಿನಿಮಾದ ಬೂಟೆಂದೇ ಬಲ್ಲರು, ಅದರ ಗೆರೆಗಳು ಓಟಗಾರರ ಬೂಟಿನಿಂದ ಬಂದವೆಂದು ಬಲ್ಲವರು ವಿರಳ.

ಮರುತಯಾರಿಕೆ ಎಂದರೆ ಯಥಾವತ್ತು ನಕಲು ಎಂದು ತಿಳಿಯುವುದು ಸರಿಯಲ್ಲ. ಬೂಟಿನ ಆಕಾರವನ್ನು ನಿರ್ಧರಿಸುವುದು ‘ಲಾಸ್ಟ್’ ಎಂಬ ಪಾದದಾಕಾರದ ಅಚ್ಚು. ಕತ್ತರಿಸಿ ಹೊಲಿದ ಮೇಲ್ಹೊದಿಕೆಯನ್ನು ಅದರ ಮೇಲೆ ಎಳೆದು ಬಿಗಿದು ಅಟ್ಟೆಗೆ ಅಂಟಿಸುತ್ತಾರೆ. ಸ್ಪರ್ಧೆಯ ಬೂಟಿನ ಅಚ್ಚು ಕಾಲುಚೀಲದಂತೆ ಬಿಗಿಯಾಗಿದ್ದರೆ ಸಾಕು, ಏಕೆಂದರೆ ಅದನ್ನು ಎರಡು ಮೂರು ಗಂಟೆ ತೊಟ್ಟು ಕಳಚುತ್ತಾರೆ. ಬೆಳಗಿನಿಂದ ಸಂಜೆವರೆಗೆ ತೊಡುವ ಬೂಟಿಗೆ ಬೇರೆ ಔದಾರ್ಯ ಬೇಕು. ತೂಕ ಉಳಿಸುವ ಚಿಂತೆ ಇಲ್ಲದಿರುವುದರಿಂದ ಮೃದುವಾದ ಚರ್ಮ ಬಳಸಬಹುದು, ಒಳಹಾಸು ದಪ್ಪಗಿಡಬಹುದು. 2008ರಿಂದ ಬಂದಿರುವ ‘ನಿಪ್ಪಾನ್ ಮೇಡ್’ ಸಾಲಿನ ಜೋಡುಗಳನ್ನು ಜಪಾನಿನಲ್ಲೇ ತಯಾರಿಸಿ, ಚರ್ಮಕ್ಕೆ ಬಣ್ಣ ಹಾಕುವ, ತೊಳೆದು ಮೆದುಗೊಳಿಸುವ ಕೆಲಸಗಳಲ್ಲಿ ಕೈಕಸುಬಿಗೆ ಹೆಚ್ಚಿನ ಜಾಗ ಕೊಡುತ್ತಾರೆ. ಕಾರ್ಖಾನೆಯಿಂದ ಹೊರಬರುವಾಗಲೇ ಅವುಗಳ ಮೇಲೆ ಬಳಕೆಯ ನವಿರಾದ ಛಾಯೆಯಿರುತ್ತದೆ. ಜಗತ್ತಿನ ಬಹುಪಾಲು ಕ್ರೀಡಾಬೂಟುಗಳ ತಯಾರಿಕೆ ಅಗ್ಗದ ಕೂಲಿಯ ದೇಶಗಳಿಗೆ ಸರಿದ ಬಳಿಕ, ಊರಿನ ಹೆಸರೇ ಬೆಲೆಯುಳ್ಳ ಗುಣವಾಗಿ ಪರಿಣಮಿಸಿರುವುದು ಗಮನಾರ್ಹ. ಕೋಬೆಯ ನಗಾಟಾ ಪ್ರದೇಶವಾದರೋ 1995ರ ಜನವರಿ 17ರ ಭೂಕಂಪದಲ್ಲಿ ಕುಸಿದು, ಅದರ ಹಿಂದೆಯೇ ಎದ್ದ ಬೆಂಕಿಯಲ್ಲಿ ಬೆಂದುಹೋಯಿತು. ಅಲ್ಲಿನ ಬೂಟಿನ ಕಾರ್ಯಾಗಾರಗಳಲ್ಲಿ ಅನೇಕವು ಮತ್ತೆ ತಲೆಯೆತ್ತಲಿಲ್ಲ. ಹಳೆಯ ಬೂಟಿನ ವಿನ್ಯಾಸಕ್ಕೆ ಸಿಕ್ಕಿದ ಮರುಹುಟ್ಟು ಅದನ್ನು ಸಾಧ್ಯವಾಗಿಸಿದ ಕೇರಿಗೆ ಅದೇ ಪ್ರಮಾಣದಲ್ಲಿ ಸಿಗಲಿಲ್ಲವೆಂಬುದು ಈ ಚರಿತ್ರೆಯಲ್ಲಿ ಮನಸ್ಸನ್ನು ಕಲಕುವ ಭಾಗ.

ಫ್ಯಾಶನ್ನಿನ ಅಲೆ ಕೂಡ ತೆಳು ಬೂಟಿಗೆ ಅನುಕೂಲವಾಗಿ ಬಂದಿದೆ. 2017ರ ಸುಮಾರಿಗೆ ಬಾಲೆನ್ಸಿಯಾಗಾ ಕಂಪನಿಯ ಟ್ರಿಪಲ್ ಎಸ್‌ನಂತಹ, ಪದರದ ಮೇಲೆ ಪದರವಿಟ್ಟ ಭಾರೀ ಅಟ್ಟೆಯ ಬೂಟುಗಳು ಎಲ್ಲೆಡೆ ಕಂಡವು. ಕಣ್ಣು ಅದರಿಂದ ದಣಿದ ಮೇಲೆ, 2020ರ ದಶಕದ ನಡುವೆ, ನೆಲಕ್ಕೆ ಅಂಟಿಕೊಂಡಂತಿರುವ ಸಪೂರ ಬೂಟುಗಳತ್ತ ಒಲವು ತಿರುಗಿತು. ಅಡಿಡಾಸ್ ತನ್ನ ಸಾಂಬಾ ಮತ್ತು ಎಸ್‌ಎಲ್ 72 ಮಾದರಿಗಳನ್ನು ಮುಂದಿಟ್ಟಿತು, ಒನಿಟ್ಸುಕಾ ಟೈಗರ್ ಅದೇ ಗಾಳಿಯಲ್ಲಿ ಹಾಯಿ ಬಿಚ್ಚಿತು. 2024ರ ಜುಲೈಯಲ್ಲಿ ಅದು ಪ್ಯಾರಿಸ್ಸಿನ ಶಾಂಜೆಲೀಜೆ ಬೀದಿಯಲ್ಲಿ ದೊಡ್ಡ ಅಂಗಡಿ ತೆರೆಯಿತು. ಆ ವರ್ಷ ಈ ಒಂದು ಬ್ರ್ಯಾಂಡಿನ ಮಾರಾಟವೇ 90 ಶತಕೋಟಿ ಯೆನ್ ದಾಟಿತು. ರೆಟ್ರೋ ಎಂಬ ಪದದ ವ್ಯಾಪ್ತಿಯೂ ಈಗ ಹತ್ತಿರ ಹತ್ತಿರಕ್ಕೆ ಸರಿಯುತ್ತಿದ್ದು, 2008ರ ಓಟದ ಬೂಟಾದ ಜೆಲ್ ಕಯಾನೊ 14 ಕೂಡ ತನ್ನ ಬೆಳ್ಳಿಬಣ್ಣದ ಪಟ್ಟಿಗಳು ಮತ್ತು ಬಲೆಯಂತಹ ಹೊದಿಕೆಯೊಂದಿಗೆ ಫ್ಯಾಶನ್ ಸ್ನೀಕರ್ ಆಗಿ ಮರಳಿದೆ.

ತೊಡುವವರು ತಿಳಿದಿರಬೇಕಾದ ಒಂದು ವಿಷಯವನ್ನು ಅಂಗಡಿಗಳು ಗಟ್ಟಿಯಾಗಿ ಹೇಳುವುದಿಲ್ಲ. ಹುಟ್ಟಿನಿಂದ ಓಟದ ಬೂಟಾಗಿದ್ದರೂ ಮೆಕ್ಸಿಕೋ 66 ಇಂದು ಓಡಲು ತಕ್ಕದ್ದಲ್ಲ. ನಮ್ಮ ಶಾಲೆಗಳ ವ್ಯಾಯಾಮದ ತರಗತಿಗೆ ತೊಡುವ ಬಿಳಿ ಕ್ಯಾನ್ವಾಸ್ ಬೂಟಿನಂತೆ ಅದರ ತಳ ಸಪಾಟು. ನೆಲದ ಕಲ್ಲು ಪಾದಕ್ಕೆ ತಿಳಿಯುತ್ತದೆ. ಕಾಂಕ್ರೀಟಿನ ಮೇಲೆ ದಿನವಿಡೀ ನಿಂತು ಕೆಲಸ ಮಾಡುವವರಿಗೆ, ಹಿಮ್ಮಡಿ ನೋವಿರುವವರಿಗೆ ಅದು ಸುಖ ಕೊಡದು. ಅದನ್ನು ತೊಟ್ಟು ಮ್ಯಾರಥಾನ್ ತಯಾರಿಗೆ ಹೊರಡುವವರು, ಅರವತ್ತರ ದಶಕದ ಓಟಗಾರರು ಅಂತಹ ತಳದ ಮೇಲೆ ಓಡಲು ವರ್ಷಗಟ್ಟಲೆ ತಮ್ಮ ಪಾದಗಳನ್ನು ಗಟ್ಟಿಗೊಳಿಸಿಕೊಂಡಿದ್ದರೆಂಬುದನ್ನು ಮರೆಯಬಾರದು. ಇಂದಿನ ಮ್ಯಾರಥಾನ್ ಓಟಗಾರರಿಗಾಗಿ ಅದೇ ಆಸಿಕ್ಸ್ ಕಂಪನಿ 2021ರಿಂದ ಮೆಟಾಸ್ಪೀಡ್ ಎಂಬ ಬೂಟನ್ನು ಮಾರುತ್ತಿದೆ. ದಪ್ಪ ನೊರೆಯ ನಡುವೆ ಇಂಗಾಲದ ನಾರಿನ ಬಿರುಸು ಫಲಕವೊಂದನ್ನು ಹುದುಗಿಸಿ, ಪಾದ ನೆಲಬಿಡುವಾಗ ಮುಂದಕ್ಕೆ ಚಿಮ್ಮುವಂತೆ ಮಾಡಿದ ಆ ಬೂಟನ್ನು ಮೆಕ್ಸಿಕೋ 66ರ ಪಕ್ಕದಲ್ಲಿಟ್ಟರೆ ಒಂದೇ ಮನೆತನದವೆಂದು ಗುರುತಿಸುವುದು ಕಷ್ಟ.

ಹಾಗಿದ್ದೂ ಗುರುತು ಪೂರ್ತಿ ಅಳಿದಿಲ್ಲ. ಮೆಟಾಸ್ಪೀಡ್ ಬೂಟಿನ ಪಕ್ಕದಲ್ಲೂ 1966ರ ಆ ಗೆರೆಗಳೇ ಇವೆ, ಆದರೆ ಅವು ಹೊದಿಕೆಯ ಮೇಲೆ ಅಚ್ಚೊತ್ತಿದ ಬಣ್ಣವಷ್ಟೇ; ಹಿಗ್ಗದಂತೆ ನೇಯ್ದ ಈಗಿನ ಕೃತಕ ಬಟ್ಟೆಗೆ ಪಟ್ಟಿಯ ಆಸರೆ ಬೇಕಿಲ್ಲ. ಅತಿ ವೇಗವಾಗಿ ಓಡುವ ಬೂಟಿನಲ್ಲಿ ಗೆರೆ ಬರೀ ಚಿತ್ರವಾಗಿದೆ. ಓಡುವುದನ್ನು ಬಿಟ್ಟ ಮೆಕ್ಸಿಕೋ 66ರಲ್ಲಿ ಮಾತ್ರ ಅವುಗಳನ್ನು ಈಗಲೂ ಬೇರೆ ಚರ್ಮದಿಂದ ಕತ್ತರಿಸಿ, ಲೇಸಿನ ಸಾಲಿನಿಂದ ಅಟ್ಟೆಯ ಅಂಚಿನವರೆಗೆ, ಅಲ್ಲಿಂದ ಹಿಮ್ಮಡಿಯವರೆಗೆ, ದಾರ ಹಾಕಿ ಹೊಲಿಯುತ್ತಾರೆ.